ಆಗಮನ ಕಾಲಕ್ಕೊಂದು ಬಟ್ಟೆಯ ಕ್ಯಾಲೆಂಡರ್



ಮನೆಗೊಂದು ಕೂಸು ಬರುತ್ತದೆ ಎಂದು ತಿಳಿದಾಗ ನಮ್ಮ ಕಡೆ ಅನೇಕ ಮನೆಗಳಲ್ಲಿ ಅಜ್ಜಿ ಹಳೆಯ ಟ್ರಂಕು ತೆರೆಯುತ್ತಾಳೆ. ಉಟ್ಟು ಉಟ್ಟು ಮೆತ್ತಗಾದ ನೂಲಿನ ಸೀರೆ, ತಾತನ ಪಂಚೆ, ತೋಳು ಹರಿದ ಜುಬ್ಬ ಎಲ್ಲವೂ ಹೊರಬರುತ್ತವೆ. ಒಗೆದು, ಬಿಸಿಲಿಗೆ ಹಾಕಿ, ಪದರದ ಮೇಲೆ ಪದರ ಜೋಡಿಸಿ ಕೌದಿ ಹೊಲಿಯಲು ಕೂರುತ್ತಾಳೆ. ಹೊಸ ಬಟ್ಟೆ ಎಳೆಯ ಮೈಗೆ ಒರಟು; ಹತ್ತಾರು ವರ್ಷ ಒಗೆಸಿಕೊಂಡ ಬಟ್ಟೆಯೇ ಆಗಬೇಕು. ಅವಸರವೇನೂ ಇಲ್ಲ. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ನಾಲ್ಕು ಸಾಲು, ಸಂಜೆ ದೀಪ ಹಚ್ಚುವ ಮುನ್ನ ಎರಡು ಸಾಲು. ಕೂಸು ಬರುವ ಹೊತ್ತಿಗೆ ಮುಗಿದಿದ್ದರೆ ಸಾಕು. ಕಾಯುವುದೆಂದರೇನು ಎಂಬುದನ್ನು ಆಗಮನ ಕಾಲದ ಪ್ರಸಂಗಗಳಲ್ಲಿ ವಿವರಿಸಲು ಗುರುಗಳಾದ ನಾವು ವರ್ಷವೂ ಹೆಣಗುತ್ತೇವೆ. ಆ ಅಜ್ಜಿ ಬಾಯಿ ತೆರೆಯದೆ ಅದನ್ನು ಹೇಳಿ ಮುಗಿಸಿರುತ್ತಾಳೆ.

ಈ ಆಗಮನ ಕಾಲಕ್ಕೆ ನಮ್ಮ ಕುಟುಂಬಗಳು ಅಂಥದೊಂದು ಕೌದಿಯನ್ನು ಹೊಲಿಯಲಿ, ಅದಕ್ಕೆ ದಿನಕ್ಕೊಂದರಂತೆ ಜೇಬುಗಳಿರಲಿ, ಗೋಡೆಗೆ ತೂಗುಹಾಕಿ ಕ್ರಿಸ್ತಜಯಂತಿಯವರೆಗಿನ ದಿನಗಳನ್ನು ಎಣಿಸಲಿ ಎಂಬುದು ನಮ್ಮ ಕೋರಿಕೆ. ಪೇಟೆಯಲ್ಲಿ ಇದನ್ನು 'ಅಡ್ವೆಂಟ್ ಕ್ಯಾಲೆಂಡರ್' ಎಂದು ಮಾರುತ್ತಾರೆ. ರಟ್ಟಿನ ಪೆಟ್ಟಿಗೆ, ಸಣ್ಣ ಸಣ್ಣ ಕಿಟಕಿ, ಕಿಟಕಿಗೊಂದು ಚಾಕೊಲೇಟು. ನಾವು ಚಾಕೊಲೇಟಿನ ವೈರಿಗಳಲ್ಲ. ಆದರೆ ಧರ್ಮೋಪದೇಶದ ತರಗತಿಯಲ್ಲಿ ಒಂದು ಮಗು ತನ್ನ ಕಿಟಕಿಯಲ್ಲಿ ಏನು ಸಿಕ್ಕಿತೆಂದು ಹೇಳುವಾಗ, ಪಕ್ಕದಲ್ಲಿ ಕೂತ ಇನ್ನೊಂದು ಮಗು ನೆಲ ನೋಡುತ್ತದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಕಡೆ ಚದುರಿರುವ ನಮ್ಮವರಲ್ಲಿ ಕೂಲಿಗೆ ಹೋಗುವವರೂ ಇದ್ದಾರೆ, ಸಂಬಳದವರೂ ಇದ್ದಾರೆ. ಹಳೆ ಸೀರೆಯಂತೂ ಇಬ್ಬರ ಮನೆಯಲ್ಲೂ ಇರುತ್ತದೆ.

ಈ ನೆಲಕ್ಕೆ ಕಾಯುವುದನ್ನು ಯಾರೂ ಹೊರಗಿನಿಂದ ಬಂದು ಕಲಿಸಬೇಕಾಗಿಲ್ಲ. ಹೊಸದುರ್ಗ ತಾಲ್ಲೂಕಿನ ಹಾಲುರಾಮೇಶ್ವರಕ್ಕೆ ಹೋಗುವ ನೆರೆಹೊರೆಯವರನ್ನು ಕೇಳಿ ನೋಡಿ. ಅಲ್ಲಿಯ ಕೊಳದ ಮುಂದೆ ನಿಂತು, ಮನಸ್ಸಿನಲ್ಲಿದ್ದುದನ್ನು ಹೇಳಿಕೊಂಡು, ನೀರಿನಲ್ಲಿ ತಮಗಾಗಿ ಏನು ತೇಲಿ ಬರುವುದೋ ಎಂದು ಅವರು ಕಾಯುತ್ತಾರೆ. ಮಕ್ಕಳಿಲ್ಲದ ದಂಪತಿಗಳು ಹಾಗೆ ನಿಂತು ಕಾಯುತ್ತಾರೆ. ಅವರ ವಿಶ್ವಾಸ ಅವರದು, ನಮ್ಮದು ನಮ್ಮದು. ಆದರೂ ಆ ನೀರಿನ ಮುಂದಿನ ಮೌನವನ್ನು ಕಂಡಾಗ ನಮಗೆ ಜೆಕರೀಯ ಮತ್ತು ಎಲಿಜಬೇತರ ಮನೆಯ ನೆನಪಾಗುತ್ತದೆ. ಹಿರಿಯೂರಿನ ಮಾರಿಕಣಿವೆಯ ಮಾತನ್ನೂ ಹೇಳಬೇಕು. ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, ಅಂದರೆ 89 ವರ್ಷಗಳ ನಂತರ. ಕೋಡಿ ಬಿದ್ದ ಕೆರೆಯನ್ನು ಒಮ್ಮೆಯೂ ಕಾಣದೆ ಒಂದಿಡೀ ತಲೆಮಾರು ಅದರ ದಂಡೆಯ ಊರುಗಳಲ್ಲಿ ಬಾಳಿ ಕಣ್ಮುಚ್ಚಿತು. ಪ್ರವಾದಿ ಯೆಶಾಯನ ಮಾತು ಕೇಳಿದವರು ಲೋಕೋದ್ಧಾರಕನನ್ನು ಕಾಣದೆ ತೀರಿಕೊಂಡ ಹಾಗೆಯೇ.

ಇನ್ನು ಈ ಕ್ಯಾಲೆಂಡರಿನ ಮೂಲದ ವಿಚಾರ. 19ನೆಯ ಶತಮಾನದ ಜರ್ಮನಿಯಲ್ಲಿ ಪ್ರೊಟೆಸ್ಟೆಂಟ್ ಕುಟುಂಬಗಳು ಬಾಗಿಲ ಮೇಲೆ ಸೀಮೆಸುಣ್ಣದಿಂದ 24 ಗೆರೆ ಎಳೆದು, ದಿನಕ್ಕೊಂದನ್ನು ಮಕ್ಕಳ ಕೈಯಲ್ಲಿ ಅಳಿಸುತ್ತಿದ್ದವು. ಕ್ಯಾಥೊಲಿಕ್ ಮನೆಗಳಲ್ಲಿ ಮಕ್ಕಳು ಬರಿದಾದ ಗೋದಲಿಯೊಳಕ್ಕೆ ದಿನಕ್ಕೊಂದು ಹುಲ್ಲುಕಡ್ಡಿ ಇಡುತ್ತಿದ್ದರು. ಡಿಸೆಂಬರ್ 24ರ ಹೊತ್ತಿಗೆ ಬಾಲಯೇಸುವಿಗೆ ಹಾಸಿಗೆ ಸಿದ್ಧ. ಗೆರ್ಹಾರ್ಡ್ ಲಾಂಗ್ ಎಂಬ ಹುಡುಗನಿಗೆ ಅವನ ತಾಯಿ ರಟ್ಟಿನ ಮೇಲೆ 24 ಪುಟ್ಟ ಬಿಸ್ಕತ್ತುಗಳನ್ನು ಹೊಲಿದು ಕೊಡುತ್ತಿದ್ದರಂತೆ. ಅವನು ಬೆಳೆದು ಮ್ಯೂನಿಕ್ ನಗರದಲ್ಲಿ ಮುದ್ರಣದ ಉದ್ಯೋಗ ಹಿಡಿದ. 20ನೆಯ ಶತಮಾನದ ಮೊದಲ ದಶಕದಲ್ಲಿ ಅಂಥದೇ ಕ್ಯಾಲೆಂಡರನ್ನು ಅಚ್ಚುಹಾಕಿ ಮಾರಿದ. ಕಿಟಕಿ ತೆರೆಯುವ ಮಾದರಿ ಆಮೇಲೆ ಬಂತು. ಎರಡನೆಯ ಮಹಾಯುದ್ಧದಲ್ಲಿ ಕಾಗದದ ಅಭಾವದಿಂದ ಅದು ನಿಂತುಹೋಯಿತು. 1946ರಲ್ಲಿ ಸ್ಟುಟ್‌ಗಾರ್ಟಿನ ರಿಚರ್ಡ್ ಸೆಲ್ಮರ್ ಮತ್ತೆ ಆರಂಭಿಸಿದರು. ಚಾಕೊಲೇಟು ಇದರಲ್ಲಿ ಸೇರಿಕೊಂಡದ್ದು ತಡವಾಗಿ. ಲಾಂಗ್ ಕಂಡ ಮೊದಲ ಕ್ಯಾಲೆಂಡರಿಗೆ ಬೇಕಾದದ್ದು ತಾಯಿಯ ಸೂಜಿ ದಾರ ಮಾತ್ರ.

ಅಂಗಡಿಯ ಕ್ಯಾಲೆಂಡರಿನಲ್ಲಿ ನಮಗೆ ಒಪ್ಪಿಗೆಯಾಗದ ಒಂದು ಸಂಗತಿ ಇದೆ. ಅದು ಪ್ರತಿ ವರ್ಷ ಡಿಸೆಂಬರ್ 1ಕ್ಕೆ ಆರಂಭವಾಗಿ 24 ಕಿಟಕಿಗಳಿಗೆ ಮುಗಿಯುತ್ತದೆ. ಧರ್ಮಸಭೆಯ ಎಣಿಕೆ ಹಾಗಿಲ್ಲ. ಸಂತ ಅಂದ್ರೆಯರ ಹಬ್ಬವಾದ ನವೆಂಬರ್ 30ಕ್ಕೆ ಅತಿ ಸಮೀಪದ ಭಾನುವಾರ ಆಗಮನ ಕಾಲದ ಮೊದಲ ಭಾನುವಾರ. ಅದು ನವೆಂಬರ್ 27ರಿಂದ ಡಿಸೆಂಬರ್ 3ರವರೆಗೆ ಯಾವ ದಿನವಾದರೂ ಬೀಳಬಹುದು. ಭಾನುವಾರಗಳು ಯಾವಾಗಲೂ ನಾಲ್ಕು. ದಿನಗಳು ಮಾತ್ರ 22ರಿಂದ 28ರವರೆಗೆ ಹೆಚ್ಚು ಕಡಿಮೆಯಾಗುತ್ತವೆ. ಕ್ರಿಸ್ತಜಯಂತಿ ಭಾನುವಾರವೇ ಬಂದರೆ ಪೂರ್ತಿ 28 ದಿನ, ಸೋಮವಾರ ಬಂದರೆ 22 ದಿನ. 2026ರಲ್ಲಿ ಮೊದಲ ಭಾನುವಾರ ನವೆಂಬರ್ 29, ಒಟ್ಟು 26 ದಿನ. 2027ರಲ್ಲಿ ನವೆಂಬರ್ 28, ಒಟ್ಟು 27 ದಿನ. 2028ರಲ್ಲಿ ಡಿಸೆಂಬರ್ 3, ಕೇವಲ 22 ದಿನ.

ಆದ್ದರಿಂದ ನಮ್ಮ ಬಟ್ಟೆಗೆ 28 ಜೇಬು ಇರಲಿ: ಸಾಲಿಗೆ ಏಳರಂತೆ ನಾಲ್ಕು ಸಾಲು. ಒಂದು ಸಾಲೆಂದರೆ ಒಂದು ವಾರ. ಎಡಗಡೆಯ ಮೊದಲ ಜೇಬು ಯಾವಾಗಲೂ ಭಾನುವಾರ, ಕೊನೆಯದು ಶನಿವಾರ. ಅಂಕಿ ಹೊಲಿಯುವ ಗೋಜೇ ಬೇಡ. ಯಾವ ವರ್ಷವಾದರೂ ಮೊದಲ ಭಾನುವಾರದಿಂದ ಶುರುಮಾಡಿ ಮುಂದೆ ಮುಂದೆ ಹೋದರಾಯಿತು. ನಾಲ್ಕನೆಯ ಸಾಲಿನಲ್ಲಿ ಕ್ರಿಸ್ತಜಯಂತಿ ಬಂದಲ್ಲಿಗೆ ನಿಲ್ಲುತ್ತದೆ, ಮಿಕ್ಕ ಜೇಬುಗಳು ಖಾಲಿ ಉಳಿಯುತ್ತವೆ. ಒಮ್ಮೆ ಹೊಲಿದದ್ದು ಮೊಮ್ಮಕ್ಕಳ ಕಾಲಕ್ಕೂ ಸರಿಹೊಂದುತ್ತದೆ. ಮನೆಯ ಮಕ್ಕಳು ಅದರ ಮುಂದೆ ನಿಂತು, ಈ ವರ್ಷ ಕೊನೆಯ ಸಾಲಿನಲ್ಲಿ ಎಷ್ಟು ಜೇಬು ಬೇಕೆಂದು ಎಣಿಸುವಾಗ ಧರ್ಮಸಭೆಯ ಪಂಚಾಂಗವನ್ನು ತಮಗರಿಯದಂತೆಯೇ ಕಲಿತಿರುತ್ತಾರೆ.

ಹಿಂಬದಿಗೆ ಹಳೆಯ ನೂಲಿನ ಸೀರೆ ಆಗಬೇಕು. ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ ಕತ್ತರಿ ಹಾಕುವ ಸಾಹಸ ದಯವಿಟ್ಟು ಬೇಡ, ರೇಷ್ಮೆ ಸೂಜಿಯಡಿ ಜಾರುತ್ತದೆ. ಹರಿದುಹೋದ ಸೀರೆಯ ಅಂಚೊಂದು ಉಳಿದಿದ್ದರೆ ಮೇಲ್ತುದಿಗೆ ಚೆಂದ. ಸೀರೆಯನ್ನು ಎರಡು ಪದರ ಮಾಡಿ, ನಡುವೆ ಸವೆದ ಹೊದಿಕೆಯನ್ನೋ ಪಂಚೆಯನ್ನೋ ಇಡಿ. ಮುಗಿದಾಗ 30 ಇಂಚು ಅಗಲ, 36 ಇಂಚು ಉದ್ದ ಇರಬೇಕು. ಸುತ್ತ ಮಡಚಲು ಒಂದೊಂದು ಇಂಚು ಹೆಚ್ಚಿಗೆ ಬಿಟ್ಟು ಕತ್ತರಿಸಿ. ದಪ್ಪ ದಾರದಿಂದ ಅಡ್ಡ ಸಾಲುಗಳಲ್ಲಿ ಕೌದಿಯಂತೆ ಹೊಲಿಯಿರಿ. ಸಾಲು ಸೊಟ್ಟಗಾದರೆ ಚಿಂತೆಯಿಲ್ಲ. ಉತ್ತರ ಕರ್ನಾಟಕದಲ್ಲಿ ಊರೂರು ತಿರುಗಿ ಕೌದಿ ಹೊಲಿದುಕೊಡುವ ಹೆಂಗಸರ ಸಾಲುಗಳೂ ಅಳತೆಪಟ್ಟಿ ಹಿಡಿದು ಎಳೆದವುಗಳಲ್ಲ.

ಜೇಬಿಗೆ ಏನು ಎಂಬ ಪ್ರಶ್ನೆಗೆ ಒಂದು ಸುಲಭ ಉಪಾಯವಿದೆ: ಸೀರೆಯ ಫಾಲ್. ಮ್ಯಾಚಿಂಗ್ ಸೆಂಟರಿನಲ್ಲಿ ಎಲ್ಲ ಬಣ್ಣದಲ್ಲೂ ಸಿಗುತ್ತದೆ, ಸುಮಾರು ಐದು ಇಂಚು ಅಗಲದ ಉದ್ದನೆಯ ಪಟ್ಟಿ, ಜೇಬಿಗೆಂದೇ ಕತ್ತರಿಸಿಟ್ಟ ಹಾಗಿರುತ್ತದೆ. ಆಗಮನ ಕಾಲದ ಬಣ್ಣ ನೇರಳೆ. ನೇರಳೆ ಫಾಲ್ ಎರಡು ತನ್ನಿ. ಹೊಲಿಯುವ ಮುನ್ನ ನೀರಿನಲ್ಲಿ ನೆನೆಸಿ ಒಣಗಿಸುವುದನ್ನು ಮರೆಯಬೇಡಿ, ಫಾಲ್ ಮೊದಲ ನೀರಿಗೆ ಕುಗ್ಗುತ್ತದೆ. ಇದು ನಮ್ಮ ತಾಯಂದಿರಿಗೆ ಹೇಳಬೇಕಾದ ಮಾತಲ್ಲ, ಹೊಸದಾಗಿ ಸೂಜಿ ಹಿಡಿಯುವ ಹುಡುಗ ಹುಡುಗಿಯರಿಗೆ.

ಫಾಲನ್ನು 36 ಇಂಚಿನ ನಾಲ್ಕು ತುಂಡು ಮಾಡಿ. ಪ್ರತಿ ತುಂಡಿನ ಮೇಲಂಚನ್ನು ಕಾಲು ಇಂಚು ಮಡಚಿ ಹೊಲಿಯಿರಿ. ಎರಡು ತುದಿಗೂ ಅರ್ಧರ್ಧ ಇಂಚು ಮಡಿಕೆಗೆ ಹೋದರೆ 35 ಇಂಚು ಉಳಿಯುತ್ತದೆ. ಸೀಮೆಸುಣ್ಣದಿಂದ ಈ ಪಟ್ಟಿಯ ಮೇಲೆ ಐದೈದು ಇಂಚಿಗೆ ಗುರುತು ಮಾಡಿ, ಹಿಂಬದಿಯ ಕೌದಿಯ ಮೇಲೆ ನಾಲ್ಕು ನಾಲ್ಕು ಇಂಚಿಗೆ ಗುರುತು ಮಾಡಿ (ಎರಡು ಪಕ್ಕ ಒಂದೊಂದು ಇಂಚು ಬಿಟ್ಟು). ಗುರುತಿಗೆ ಗುರುತು ಕೂಡಿಸಿ ಉದ್ದಕ್ಕೆ ಹೊಲಿದರೆ ಪ್ರತಿ ಜೇಬಿನಲ್ಲೂ ಒಂದು ಇಂಚು ಬಟ್ಟೆ ಹೆಚ್ಚಿಗೆ ಉಳಿಯುತ್ತದೆ. ಆ ಹೆಚ್ಚನ್ನು ಜೇಬಿನ ತಳದಲ್ಲಿ ಎರಡು ಪಕ್ಕಕ್ಕೂ ಸಣ್ಣ ನಿರಿಗೆಯಾಗಿ ಮಡಚಿ, ಆಮೇಲೆ ತಳವನ್ನು ಹೊಲಿಯಿರಿ. ಆಗ ಜೇಬು ಗೋಡೆಗೆ ಅಂಟಿಕೊಳ್ಳದೆ ಬಾಯಿ ತೆರೆದುಕೊಂಡಿರುತ್ತದೆ, ಮಗುವಿನ ಕೈ ಸಲೀಸಾಗಿ ಹೋಗುತ್ತದೆ. ಜೇಬಿನ ಬಾಯಿಯ ಹತ್ತಿರ ಎರಡು ಸಲ ಹೊಲಿಯಬೇಕು, ಅಲ್ಲೇ ಮೊದಲು ಬಿಚ್ಚಿಕೊಳ್ಳುವುದು. ಮೇಲುಗಡೆ ಎಂಟು ಇಂಚು ಆಕಾಶದಂತೆ ಖಾಲಿ ಬಿಟ್ಟು, ಏಳೇಳು ಇಂಚಿಗೊಂದು ಸಾಲು ಬರುವಂತೆ ನೋಡಿಕೊಳ್ಳಿ. ಮೂರನೆಯ ಸಾಲಿನ ಮೊದಲ ಜೇಬು, ಅಂದರೆ ಮೂರನೆಯ ಭಾನುವಾರದ್ದು, ಗುಲಾಬಿ ಬಣ್ಣದ್ದಾಗಿರಲಿ. ಅಂದು ಪೀಠದಲ್ಲೂ ಗುಲಾಬಿ ಬಣ್ಣ, ಆನಂದದ ಭಾನುವಾರ. ಫಾಲಿನ ಮೇಲೆಯೇ ಆ ಅಳತೆಯ ಗುಲಾಬಿ ತುಂಡೊಂದನ್ನು ತೇಪೆ ಹಾಕಿದರೂ ಆಯಿತು. ಉಳಿದ ಫಾಲ್ ಮೇಲ್ತುದಿಯ ಕುಣಿಕೆಗಳಿಗೆ ಆಗುತ್ತದೆ. ಕುಣಿಕೆಯೊಳಗೊಂದು ಬಿದಿರು ಕಡ್ಡಿ ತೂರಿಸಿ ಮೊಳೆಗೆ ಹಾಕಿ.

ಮೂಲೆಗಳನ್ನು ಹಾಗೇ ಬಿಡಬಾರದು. ಇದನ್ನು ನಾವು ಕಲಿಯಬೇಕಾದದ್ದು ನಮ್ಮವರೇ ಆದ ಉತ್ತರ ಕನ್ನಡದ ಸಿದ್ದಿ ತಾಯಂದಿರಿಂದ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಾಡಂಚಿನ ಊರುಗಳಲ್ಲಿರುವ ಸಿದ್ದಿಗಳು ಆಫ್ರಿಕಾ ಮೂಲದವರು. ಗೋವೆಯಲ್ಲಿ ಪೋರ್ಚುಗೀಸರ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಕಾಡು ಸೇರಿದವರ ಸಂತತಿ ಅವರಲ್ಲಿ ಬಹಳ. ಅವರಲ್ಲಿ ಕ್ಯಾಥೊಲಿಕರಿದ್ದಾರೆ, ಮುಸ್ಲಿಮರಿದ್ದಾರೆ, ಹಿಂದೂಗಳಿದ್ದಾರೆ. ಕೌದಿ ಎಲ್ಲರಿಗೂ ಸೇರಿದ್ದು. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವುಗಳನ್ನು ಅಭ್ಯಸಿಸಿ ಹೊರನಾಡಿಗೆ ಪರಿಚಯಿಸಿದ್ದಾರೆ. ಸಿದ್ದಿ ಹೆಂಗಸು ಒಂದು ಮೂಲೆಯಿಂದ ಹೊಲಿಗೆ ಆರಂಭಿಸಿ, ಅಂಚಿನ ಗುಂಟ ಸುತ್ತುತ್ತಾ, ತುಂಡು ತುಂಡು ಸೇರಿಸುತ್ತಾ ಒಳಗೊಳಗೆ ಬರುತ್ತಾಳೆ. ನಡುವಿಗೆ ಬಂದಾಗ ಕೌದಿ ಮುಗಿಯಿತು. ನಾಲ್ಕು ಮೂಲೆಗೂ ಬಣ್ಣದ ಬಟ್ಟೆಯನ್ನು ಮುಮ್ಮೂಲೆಯಾಗಿ ಮಡಚಿ ಮಡಚಿ ಹೂ ಕೂರಿಸುತ್ತಾಳೆ. ಹೂವಿಲ್ಲದ ಕೌದಿ ಬರಿಮೈಯಲ್ಲಿ ನಿಂತ ಹಾಗೆ ಎಂದು ಅವರ ಭಾವನೆ. ಕ್ರೈಸ್ತ ಮನೆಗಳ ಕೆಲವು ಕೌದಿಗಳಲ್ಲಿ ತುಂಡುಬಟ್ಟೆಯ ಶಿಲುಬೆಗಳೂ ಇರುತ್ತವೆ. ಗುಲಾಮರಾಗಿ ಬಂದು ಕೈಯಲ್ಲಿ ಏನೂ ಇಲ್ಲದವರ ಮನೆಗಳಲ್ಲಿ ಚಿಂದಿಯಿಂದ ಇಂಥ ಸೊಬಗು ಹುಟ್ಟಿದೆ. ನಮ್ಮ ಕ್ಯಾಲೆಂಡರಿನ ಮೂಲೆಗೂ ಅಂಥ ನಾಲ್ಕು ಹೂ ಇರಲಿ. ಊರಿನ ದರ್ಜಿಯ ಅಂಗಡಿಯಲ್ಲಿ ಕೇಳಿದರೆ ರವಿಕೆ ಕತ್ತರಿಸಿ ಉಳಿದ ತುಂಡುಗಳನ್ನು ಸಂತೋಷವಾಗಿ ಕೊಡುತ್ತಾರೆ.

ಜೇಬಿನೊಳಗೆ ಏನಿಡುವುದು? ದಿನಕ್ಕೊಂದು ಚೀಟಿ. ಅದರಲ್ಲಿ ಅಂದು ಮನೆಮಂದಿಯೆಲ್ಲ ಸೇರಿ ಮಾಡಬೇಕಾದ ಒಂದು ಸಣ್ಣ ಕೆಲಸ. ಹಾಸ್ಟೆಲಿನಲ್ಲಿರುವ ಅಕ್ಕನಿಗೆ ಫೋನು ಮಾಡುವುದು. ಕಣ್ಣು ಕಾಣದ ಪಕ್ಕದ ಮನೆಯ ತಾತನಿಗೆ ನೀರು ಹಿಡಿದುಕೊಡುವುದು. ಟಿ.ವಿ., ಮೊಬೈಲು ಆರಿಸಿ ಹತ್ತು ನಿಮಿಷ ಸುಮ್ಮನೆ ಕೂತು ಒಂದು ಹತ್ತುಮಣಿ ಜಪ ಮಾಡುವುದು. ಬದುವಿನ ಜಗಳದಿಂದ ಮಾತು ಬಿಟ್ಟ ದೊಡ್ಡಪ್ಪನ ಮನೆಗೆ ಹೋಗಿ ಬರುವುದು. ಈ ಕೊನೆಯ ಚೀಟಿಯನ್ನು ಮಕ್ಕಳು ಬರೆಯುವುದಿಲ್ಲ, ದೊಡ್ಡವರೇ ಧೈರ್ಯ ಮಾಡಿ ಬರೆದು, ಮೂರನೆಯ ವಾರದ ಯಾವುದಾದರೊಂದು ಜೇಬಿಗೆ ಹಾಕಬೇಕು. ಎಲ್ಲವನ್ನೂ ಮೊದಲೇ ಬರೆದಿಡುವುದು ಒಳ್ಳೆಯದು. ಅಂದಂದಿಗೆ ಬರೆಯಲು ಹೋದರೆ ನಮಗೆ ಅನುಕೂಲವಾದದ್ದನ್ನೇ ಬರೆದುಕೊಳ್ಳುತ್ತೇವೆ.

ಕೆಲವು ದಿನಗಳಿಗೆ ಅವವೇ ಹಬ್ಬಗಳಿವೆ. ಡಿಸೆಂಬರ್ 3 ಸಂತ ಫ್ರಾನ್ಸಿಸ್ ಕ್ಸೇವಿಯರ್, 6 ಸಂತ ನಿಕೋಲಸ್, 8 ಅಮಲೋದ್ಭವ ಮಾತೆ. ಡಿಸೆಂಬರ್ 17ರಿಂದ 23ರವರೆಗಿನ ಏಳು ದಿನ ಇನ್ನೂ ವಿಶೇಷ. ಆ ಏಳು ಸಂಜೆಗಳಲ್ಲಿ ಧರ್ಮಸಭೆ ಬರಲಿರುವ ಪ್ರಭುವನ್ನು ಏಳು ಹೆಸರುಗಳಿಂದ ಕರೆಯುತ್ತದೆ: ದೇವಜ್ಞಾನ, ಪ್ರಭು, ಜೆಸ್ಸೆಯ ಬುಡ, ದಾವೀದನ ಬೀಗದ ಕೈ, ಉದಯಸೂರ್ಯ, ರಾಷ್ಟ್ರಗಳ ಅರಸ, ಇಮ್ಮಾನುವೇಲ. ಇದು ಸಾವಿರ ವರ್ಷಕ್ಕೂ ಹಳೆಯ ಪದ್ಧತಿ. ದೀಪ, ಉರಿಯುವ ಪೊದೆ, ಚಿಗುರೊಡೆದ ಮರದ ಬುಡ, ಬೀಗದ ಕೈ, ಸೂರ್ಯ, ಕಿರೀಟ, ತೊಟ್ಟಿಲು, ಹೀಗೆ ಏಳು ಆಕಾರಗಳನ್ನು ಅಂಗೈಗಿಂತ ಚಿಕ್ಕದಾಗಿ ಬಟ್ಟೆಯಲ್ಲಿ ಕತ್ತರಿಸಿ ಆ ದಿನಗಳ ಜೇಬಿನಲ್ಲಿಡಿ. ಮಗು ಅದನ್ನು ತೆಗೆದು ಮೇಲಿನ ಖಾಲಿ ಆಕಾಶಕ್ಕೆ ಪಿನ್ನು ಹಾಕಲಿ. ಅದುವರೆಗೆ ಬರಿದಾಗಿದ್ದ ಎಂಟು ಇಂಚು ಕೊನೆಯ ವಾರದಲ್ಲಿ ತುಂಬಿಕೊಳ್ಳುತ್ತದೆ.

ಮರಿಯಮ್ಮನವರು ಮತ್ತು ಜೋಸೆಫರ ಪುಟ್ಟ ಬಟ್ಟೆಯ ಗೊಂಬೆಗಳನ್ನು ಹೊಲಿದು ದಿನಕ್ಕೊಂದು ಜೇಬು ಮುಂದೆ ಸಾಗಿಸುವುದೂ ಚೆನ್ನ. ನಜರೇತಿನಿಂದ ಬೆತ್ಲೆಹೇಮಿಗೆ ನೂರು ಕಿಲೋಮೀಟರಿಗೂ ಹೆಚ್ಚು. ಹೆಚ್ಚೂಕಡಿಮೆ ಚಿತ್ರದುರ್ಗದಿಂದ ತುಮಕೂರಿಗೆ ನಡೆದಷ್ಟು ದೂರ. ತುಂಬು ಬಸುರಿಯೊಬ್ಬಳು ಹೊರಟ ಆ ದಾರಿಯನ್ನು ಹಾಗೆ ಹೇಳಿದರೆ ನಮ್ಮ ಮಕ್ಕಳಿಗೆ ಕೂಡಲೇ ಅರ್ಥವಾಗುತ್ತದೆ. ಕುರುಬರ ಗೊಂಬೆಗೆ ಹಳೆ ಕಂಬಳಿಯ ಚೂರಿದ್ದರೆ ಬೇರೇನೂ ಬೇಡ. ಹೊಲದಲ್ಲಿ ಕುರಿಮಂದೆ ತಂಗಿಸಿ, ಚಳಿಗೆ ಕಂಬಳಿ ಹೊದ್ದು ರಾತ್ರಿ ಕಾಯುವವರು ನಮ್ಮ ಜಿಲ್ಲೆಯವರಿಗೆ ಚಿತ್ರದಲ್ಲಿ ತೋರಿಸಬೇಕಾದ ಜನರಲ್ಲ.

ಕ್ಯಾಲೆಂಡರಿನ ಪಕ್ಕದಲ್ಲೇ ಒಂದು ಬಟ್ಟೆಯ ಚೀಲ ತೂಗಲಿ. ಹಿಡಿಅಕ್ಕಿಯ ಪದ್ಧತಿ ನಮ್ಮ ಹಿರಿಯರಿಗೆ ಹೊಸದಲ್ಲ. ಜೇಬಿನಿಂದ ಚೀಟಿ ತೆಗೆದ ಮಗು, ಅಡುಗೆಗೆ ಅಳೆಯುವ ಅಕ್ಕಿಯಿಂದಲೋ ರಾಗಿಯಿಂದಲೋ ಒಂದು ಹಿಡಿ ಆ ಚೀಲಕ್ಕೆ ಹಾಕಲಿ. ದೊಡ್ಡವರ ಕೈಯಲ್ಲಾದರೆ ಒಂದು ಆಗಮನ ಕಾಲಕ್ಕೆ ಸೇರು ಅಕ್ಕಿಗೆ ಕಡಿಮೆಯಾಗದು. ಅಂಗಡಿಯ ಕ್ಯಾಲೆಂಡರು ದಿನದಿನಕ್ಕೆ ಬರಿದಾಗುತ್ತದೆ, ಇದು ದಿನದಿನಕ್ಕೆ ತುಂಬುತ್ತದೆ. ಚೀಲವನ್ನು ಡಿಸೆಂಬರ್ 24ರ ರಾತ್ರಿಯ ಬಲಿಪೂಜೆಗೆ ತಂದು ಕಾಣಿಕೆಯ ಸಮಯದಲ್ಲಿ ಪೀಠದ ಬಳಿ ಇಡಿ. ಯಾರ ಮನೆಯ ಚೀಲ ಎಷ್ಟು ದಪ್ಪ ಎಂದು ಯಾರೂ ನೋಡದಂತೆ ಎಲ್ಲವನ್ನೂ ಒಂದೇ ಬುಟ್ಟಿಗೆ ಸುರಿಯುವುದು ಒಳ್ಳೆಯದು. ಕಜ್ಜಾಯ, ಕರ್ಜಿಕಾಯಿ, ಮಂಗಳೂರಿನಿಂದ ಬಂದು ನೆಲೆಸಿದವರ ಕುಸ್ವಾರ್ ಎಲ್ಲವೂ ಡಬ್ಬಿಯಲ್ಲೇ ಇರಲಿ; ಜೇಬಿನಲ್ಲಿ ಇರುವೆ ಹತ್ತಿಸಿಕೊಳ್ಳುವುದು ಬೇಡ.

ಒಂದು ಪ್ರಶ್ನೆಯನ್ನು ಇಲ್ಲಿ ಬಿಡುವ ಹಾಗಿಲ್ಲ. ಆ ವರ್ಷ ಮನೆಯಲ್ಲಿ ಸಾವಾಗಿದ್ದರೆ? ಅಂಥ ಮನೆಯವರು ನಕ್ಷತ್ರ ಕಟ್ಟುವುದಿಲ್ಲ, ತಿಂಡಿ ಮಾಡುವುದಿಲ್ಲ, ಹೊಸ ಬಟ್ಟೆ ಉಡುವುದಿಲ್ಲ. ಅವರ ದುಃಖಕ್ಕೆ ಆ ಮರ್ಯಾದೆ ಸಲ್ಲಬೇಕಾದದ್ದೇ. ಆದರೆ ಕ್ಯಾಲೆಂಡರು ಹೊಲಿಯುವುದನ್ನು ಬಿಡಬೇಡಿ ಎಂದೇ ನಾವು ಹೇಳುತ್ತೇವೆ. ಇದು ಹಬ್ಬದ ಸಡಗರದ ವಸ್ತುವಲ್ಲ, ಕಾಯುವವರ ವಸ್ತು. ತೀರಿಕೊಂಡ ತಾಯಿಯ ಸೀರೆಯನ್ನೇ ಹಿಂಬದಿಗೆ ಹಾಕಿ. ಕತ್ತರಿ ಹಾಕುವಾಗ ಕೈ ನಡುಗಬಹುದು, ಬೇಕಾದರೆ ಒಂದು ದಿನ ಮಡಚಿಟ್ಟು ಮತ್ತೆ ಎತ್ತಿಕೊಳ್ಳಿ. ಟ್ರಂಕಿನ ತಳದಲ್ಲಿ ಜಿರಳೆಗೆ ಸಿಕ್ಕಿ ತೂತಾಗುವ ಬದಲು, ಅದು ಮೊಮ್ಮಗಳ ಕೈ ದಿನವೂ ಮುಟ್ಟುವ ಗೋಡೆಯ ಮೇಲಿರಲಿ. ಸತ್ತವರ ಪುನರುತ್ಥಾನವನ್ನು ಎದುರುನೋಡುತ್ತೇವೆ ಎಂದು ಭಾನುವಾರದ ಪೂಜೆಯಲ್ಲಿ ಹೇಳುವವರು ನಾವು. ದುಡಿಯಲು ಬೆಂಗಳೂರಿಗೋ ಗಲ್ಫಿಗೋ ಹೋಗಿ ಈ ಸಲ ಬರಲಾಗದ ತಂದೆಯ ಹಳೆಯ ಅಂಗಿಯಿಂದಲೂ ಒಂದು ಜೇಬು ಆಗಬಹುದು. ಆ ಜೇಬಿನ ದಿನ ಅವರಿಗೆ ಫೋನು ಹೋಗಲಿ.

ಸಂತ ಲೂಕನ ಶುಭಸಂದೇಶದಲ್ಲಿ ತಾಯಿ ತನ್ನ ಚೊಚ್ಚಲ ಮಗುವನ್ನು ಬಟ್ಟೆಯಲ್ಲಿ ಸುತ್ತಿ ಮಲಗಿಸಿದಳೆಂದಿದೆ. ದೂತರು ಕುರುಬರಿಗೆ ಕೊಟ್ಟ ಗುರುತೂ ಅದೇ: ಬಟ್ಟೆ ಮತ್ತು ಗೋದಲಿ. ಅರಮನೆಯನ್ನಾಗಲಿ ಸಿಂಹಾಸನವನ್ನಾಗಲಿ ಅವರು ಗುರುತಾಗಿ ಹೇಳಲಿಲ್ಲ. ಹಾಗಾಗಿ 24ರ ರಾತ್ರಿ ಕೊನೆಯ ಚೀಟಿ ತೆಗೆದ ಮೇಲೆ ಕ್ಯಾಲೆಂಡರನ್ನು ಗೋಡೆಯಿಂದ ಇಳಿಸಿ, ಬಿದಿರು ಕಡ್ಡಿ ತೆಗೆದು, ಜೇಬಿನ ಭಾಗ ಒಳಗಾಗುವಂತೆ ನಾಲ್ಕಾಗಿ ಮಡಚಿ ಮನೆಯ ಗೋದಲಿಯಲ್ಲಿ ಹಾಸಿರಿ. ಬಾಲಯೇಸುವಿನ ಪ್ರತಿಮೆಯನ್ನು ಮನೆಯ ಅತಿ ಕಿರಿಯ ಮಗು ತಂದು ಅದರ ಮೇಲೆ ಮಲಗಿಸಲಿ.

ಮೂರು ರಾಯರ ಹಬ್ಬದವರೆಗೆ ಅದು ಅಲ್ಲೇ ಇರಬಹುದು. ಆಮೇಲೆ ಪಿನ್ನುಗಳನ್ನು ತೆಗೆದು, ತಣ್ಣೀರಿನಲ್ಲಿ ಬ್ರಷ್ ಹಾಕದೆ ಕೈಯಿಂದ ಒಗೆದು, ನೆರಳಿನಲ್ಲಿ ಒಣಗಿಸಿ, ಒಣಗಿದ ಬೇವಿನ ಸೊಪ್ಪಿನ ಜೊತೆ ಎತ್ತಿಡಿ. ಹೊಲಿಯಲು ಕೂರುವುದಕ್ಕೆ ನವೆಂಬರ್ 2, ಸಕಲ ಮೃತರ ಸ್ಮರಣೆಯ ದಿನ, ಸರಿಯಾದ ದಿನ. ಸಮಾಧಿಗಳಿಗೆ ಹೂವಿಟ್ಟು ಬಂದ ಸಂಜೆ ಟ್ರಂಕು ತೆರೆದರೆ ಮೊದಲ ಭಾನುವಾರಕ್ಕೆ ಮೂರು ವಾರಕ್ಕಿಂತ ಹೆಚ್ಚು ಸಮಯ ಸಿಗುತ್ತದೆ. ಮೆಷಿನ್ನಿದ್ದರೆ ಎರಡು ದಿನದ ಕೆಲಸ, ಕೈಹೊಲಿಗೆಯಾದರೆ ಅಷ್ಟೂ ದಿನ ಬೇಕಾಗುತ್ತದೆ. ಕೈಹೊಲಿಗೆಯೇ ಆದರೆ ಚೆನ್ನ, ಮಕ್ಕಳಿಗೂ ಒಂದೊಂದು ಸೂಜಿ ಕೊಡಬಹುದು.